ಫೂಟಿಗೆ ಮೂರು ಸೂತ

ಒಂದು ಫೂಟಿಗೆ ಮೂರು ಸೂತ. ಈ ಲೆಕ್ಕ ತಲ್ಯಾಗ ಹೊಕ್ಕ ದಿನ ನನಗ ಭಾಳ ಖುಷಿ ಆತು, ಆದ್ರ ಹೇಳಾಕ ಮನ್ಯಾಗ ಯಾರೂ ಇರಲಿಲ್ಲ. ಹೊಲಗಿ ಮಶೀನಿಗೆ ಹೇಳಿದ್ನಿ. ನಾ ಮಶೀನಿನ ಜೋಡಿ ಮಾತಾಡಾಕ ಹತ್ತಿ ಮೂರು ವರ್ಷ ಆತು. ಮಂದಿ ಏನರೆ ಅನ್ಕೊಳ್ಳಿ.

ಸೂತ ಅಂದ್ರ ಇಂಚಿನ ಎಂಟನೇ ಪಾಲು. ನಮ್ಮ ಕಡೆ ಬಡಿಗ್ಯಾರು, ಗೌಂಡ್ಯಾರು, ವೆಲ್ಡಿಂಗಿನವ್ರು ಎಲ್ಲಾರೂ ಸೂತಿನ್ಯಾಗೇ ಮಾತಾಡ್ತಾರ. ಫೋನಿನ್ಯಾಗ ನಾ ನೋಡೂ, ಸಣ್ಣ ಆಟಿಗಿ ಗಾಡಿ ಮಾಡೂ ವಿಡಿಯೋದಾಗ ಪರದೇಶದ ಮುದುಕರು ಮಾತ್ರ ಮಿಲಿಮೀಟರ್ ಬಿಟ್ಟು ಕೆಳಗ ಇಳಿಯಂಗಿಲ್ಲ. ಖರೇ ಗಾಡಿನ ಮೂವತ್ತೆರಡು ಪಾಲು ಮಾಡಿ ಒಂದು ಪಾಲು ಹಿಡೀಬೇಕು, ಅದು ಅವರ ನಿಯಮ. ಅವರ ಇಂಗ್ಲಿಷ್ ನನಗ ತಿಳಿಯಂಗಿಲ್ಲ, ಅಂಕಿ ಅಷ್ಟ ತಿಳಿತಾವ. ಕ್ಯಾಲ್ಕುಲೇಟರಿನ್ಯಾಗ ಬಿಂದು ಆದ ಮ್ಯಾಲ ಆರಾರು ಅಂಕಿ ಬಂದು ನನ್ನ ತಲಿ ಕೆಟ್ಟು ಮಸರಗಡಿಗಿ ಆಗಿತ್ತು. ಒಂದಿನ ಜಂಪರಿನ ತೋಳು ಕತ್ತರಿಸ್ಕೋತ ಕುಂತಾಗ ಟಕ್ಕನ ಹೊಳೀತು: ಹನ್ನೆರಡು ಇಂಚನ್ನ ಮೂವತ್ತೆರಡು ಪಾಲು ಮಾಡಿದ್ರ ಬರೋಬ್ಬರಿ ಮೂರು ಸೂತ. ಒಂದು ಇಂಚಿಗೆ ಕಾಲು ಸೂತ. ನನ್ನ ಕೊಳ್ಳಾಗಿನ ಟೇಪಿನ್ಯಾಗೇ ಆ ಲೆಕ್ಕ ಇತ್ತು. ಕ್ಯಾಲ್ಕುಲೇಟರನ್ನ ಮೂಲ್ಯಾಗ ಒಗದ್ನಿ.

ಐವತ್ತೆರಡು ವರ್ಷದಾಕಿ, ಬೈಲಹೊಂಗಲದಾಗ ಜಂಪರ ಹೊಲಿಯಾಕಿ, ಆಟಿಗಿ ಗಾಡಿ ಯಾಕ ಮಾಡ್ತಾಳ ಅಂತ ನೀವು ಕೇಳಬಹುದು. ಬಾಜೂ ಮನಿಯಾಕಿ ಕೇಳೇಬಿಟ್ಲು. ಕಟಿಂಗ್ ಟೇಬಲ್ ಮ್ಯಾಲಿನ ಕರೀ ಹಾದಿ ನೋಡಿ, "ಯಾರ ಮಕ್ಕಳಿಗೆ ಮಾಡಾಕ ಹತ್ತೀರಿ, ಅಕ್ಕಾರ?" ಅಂದ್ಲು. ನಮಗ ಮಕ್ಕಳಿಲ್ಲ ಅನ್ನೂದು ಇಪ್ಪತ್ತು ವರ್ಷದಿಂದ ಬಾಜೂ ಇರಾಕಿಗೆ ಗೊತ್ತಿಲ್ಲೇನು? "ನನಗ ಮಾಡ್ಕೊಳ್ಳಾಕ ಹತ್ತೇನ್ರಿ" ಅಂದು ಆಕಿ ಇನ್ನೂ ಹೊಸ್ತಲದಾಗ ಇದ್ದಾಗೇ ಬಾಗಲಾ ಹಾಕಿದ್ನಿ. ಸಿಟ್ಟು ನನ್ನ ಮೂಗಿನ ತುದ್ಯಾಗೇ ಇರತೈತಿ. ಆಕಿ ಆಮ್ಯಾಲ ಎರಡು ತಿಂಗಳ ನಮ್ಮ ಮನಿ ಕಡೆ ಹಣಿಕಿ ಹಾಕಲಿಲ್ಲ, ನಾನೂ ಕರೀಲಿಲ್ಲ.

ಆ ಹಾದಿ ತಂದವ್ರು ನಮ್ಮ ಮನಿಯವ್ರು. ಅವ್ರು ಜೀಪ ಹೊಡೀತಿದ್ರು. ಬೈಲಹೊಂಗಲದಿಂದ ಯರಗಟ್ಟಿ, ಸವದತ್ತಿ, ಹುಣ್ಣಿಮಿ ದಿನ ಜಾತ್ರಿಗೆ ಉಗರಗೋಳದ ತನಕ ಮಂದಿನ ಹೇರಕೊಂಡು ಹೋಗಿ ಬರೂದು ಅವರ ಕೆಲಸ. ಒಂದ್ಸಲ ಬೆಳಗಾವಿಗೆ ಗಾಡಿ ಸಾಮಾನ ತರಾಕ ಹೋದವ್ರು ಹಳೇ ಸಾಮಾನಿನ ಅಂಗಡ್ಯಾಗ ಒಂದು ಡಬ್ಬಿ ಹಿಡಕೊಂಡು ಬಂದ್ರು. ಒಳಗ ಜೋಡಿಸೂ ಪ್ಲಾಸ್ಟಿಕ್ ಹಾದಿ, ಎರಡು ಸಣ್ಣ ಕಾರು. ಹಾದ್ಯಾಗ ಉದ್ದಕ ಎರಡು ಸೀಳು ಇರತಾವ. ಕಾರಿನ ಹೊಟ್ಟಿ ಕೆಳಗಿನ ಮೊಳಿ ಆ ಸೀಳಿನ್ಯಾಗ ಕುಂದರತೈತಿ, ಬಾಜೂದ ತಗಡಿನ ಪಟ್ಟಿಯಿಂದ ಕರೆಂಟ್ ತಗೊಂಡು ಓಡತೈತಿ. ಕೈಯಾಗಿನ ಹಿಡಿಕಿ ಒತ್ತಿದಷ್ಟು ಜೋರು. ಸ್ಲಾಟ್ ಕಾರ್ ಅಂತಾರಂತ. ಇಬ್ಬರು ಆಡೂ ಆಟ ಅದು, ಹಿಡಿಕಿ ಎರಡು ಇರತಾವ.

ಸಂಜಿಕ ನಾ ಹೊಲಗಿ ಎತ್ತಿಟ್ಟು, ಇವ್ರು ಜೀಪ ನಿಂದರಿಸಿ, ಕಟಿಂಗ್ ಟೇಬಲ್ ಮ್ಯಾಲ ಹಾದಿ ಜೋಡಿಸತಿದ್ವಿ. ಸೋತವ್ರು ಚಾ ಮಾಡಬೇಕು. ದಿನಾ ಸವದತ್ತಿ ಹಾದಿ ಮ್ಯಾಲ ಹದಿನೈದು ಮಂದಿನ ಹೇರಕೊಂಡು ಓಡಿಸೂ ಗಂಡಸು ಇಲ್ಲಿ ಮಾತ್ರ ತಿರುವು ಬಂದಾಗೊಮ್ಮೆ ಕಾರನ್ನ ಹಾರಿಸಿ ನೆಲಕ್ಕ ಕೆಡವತಿದ್ರು. "ಬ್ರೇಕ್ ಇಲ್ಲದ ಗಾಡಿ ಕೊಟ್ಟು ಸೋತಿರಿ ಅಂದ್ರ ಹೆಂಗ?" ಅಂತ ತಕರಾರು. ಚಾ ಅವ್ರೇ ಮಾಡತಿದ್ರು, ನನಗಿಂತ ಚಲೋನೇ ಮಾಡತಿದ್ರು.

ಆದ್ರ ಆ ಕಾರು ಎರಡೂ ನೆಲಕ್ಕ ಅಂಟಿದಂಗಿನ ಪರದೇಶದ ರೇಸಿನ ಕಾರು. "ಇವು ನಮ್ಮ ಹಾದ್ಯಾಗಿನ ಗಾಡಿ ಅಲ್ಲ. ನಮ್ಮ ಜೀಪ ಇದರ ಮ್ಯಾಲ ಓಡಬೇಕು" ಅಂತ ಇವ್ರು ಒಂದಿನ ಕುಂದಾ ಡಬ್ಬಿಯ ರಟ್ಟು ಕತ್ತರಿಸಿ, ಕಣ್ಣಳತಿಲೆ ಒಂದು ಜೀಪ ಮಾಡಿದ್ರು. ನಾ ನೋಡಿ ನಕ್ಕು ನಕ್ಕು ಸಾಕಾದ್ನಿ. "ಜೀಪ ಅಲ್ಲರೀ ಇದು, ಗಬ್ಬದ ಎಮ್ಮಿ" ಅಂದ್ನಿ. ಅವ್ರೂ ನಕ್ಕರು. "ಹಂಗಾರ ನೀ ಹೋಗಿ ಅದರ ಅಳತಿ ತಗೊಂಡು ಬಾ. ಊರ ಮಂದಿ ಅಳತಿ ಎಲ್ಲಾ ತಗೋತಿ" ಅಂದ್ರು. ಜೀಪ ಬಾಗಲ ಮುಂದೇ ನಿಂತಿತ್ತು. ನಾ, "ಅದೇನ ಓಡಿ ಹೋಗತೈತೇನ್ರಿ? ಹಬ್ಬದ ಹೊಲಗಿ ಮುಗೀಲಿ" ಅಂದ್ನಿ. ಹಬ್ಬ ಮುಗದು ಲಗ್ನದ ಹೊಲಗಿ ಬಂತು, ಲಗ್ನ ಮುಗದು ಮತ್ತ ಹಬ್ಬ ಬಂತು.

ಮೂರು ವರ್ಷದ ಹಿಂದ ಅವ್ರು ಹೋದ್ರು. ಹೊಟ್ಯಾಗಿನ ಬ್ಯಾನಿ. ಜೀಪನ್ನ ರಾಮದುರ್ಗದವ್ರು ತಗೊಂಡು ಹೋದ್ರು. ನನಗ ಅದು ಬಾಗಲ ಮುಂದ ನಿಂತದ್ದು ನೋಡಾಕ ಆಗವಲ್ದಾಗಿತ್ತು, ಲಗೂನ ಒಯ್ಯಲಿ ಅಂತ ನಾನೇ ಗಡಿಬಿಡಿ ಮಾಡಿದ್ನಿ. ಆರು ತಿಂಗಳಾದ ಮ್ಯಾಲ ಒಂದು ಸಂಜಿ ಹಾದಿ ಜೋಡಿಸಿ, ಒಂದೇ ಹಿಡಿಕಿ ಹಿಡಕೊಂಡು ಒಂದೇ ಕಾರು ಓಡಿಸಿದ್ನಿ. ಸೋಲವ್ರಿಲ್ಲ, ಗೆಲ್ಲವ್ರಿಲ್ಲ. ಹತ್ತು ಸುತ್ತು ಓಡಿಸಿ ಬ್ಯಾಸರಾಗಿ, ಇವ್ರ ಆಸೆ ನೆನಪಾಗಿ, ರಾಮದುರ್ಗಕ್ಕ ಫೋನ್ ಹಚ್ಚಿದ್ನಿ. ಬಂದು ಒಮ್ಮೆ ಗಾಡಿ ಅಳಕೊಂಡು ಹೋಗ್ಲೇನ್ರಿ ಅಂತ ಕೇಳೂದಿತ್ತು. "ಅದನ್ನ ಬಿಚ್ಚಿ ಗುಜರಿಗೆ ಹಾಕಿದ್ವಲ್ರಿ ಅಕ್ಕಾರ" ಅಂದ್ರು.

ಅವತ್ತ ಹಟಾ ಹಿಡೀತು. ಆ ಜೀಪ ಆಗಬೇಕು, ಅದೇ ಜೀಪ ಆಗಬೇಕು. ಸುಮಾರಾಗಿ ಜೀಪಿನಂಗ ಕಾಣೂದು ನನಗ ಬ್ಯಾಡ. ಸೂತಿನ ಲೆಕ್ಕಕ್ಕ ಬರೋಬ್ಬರಿ ಬರಬೇಕು, ಇಲ್ಲಂದ್ರ ಅದು ಯಾರದೋ ಜೀಪ, ನಮ್ಮದಲ್ಲ. ಬಾಗಲ ಮುಂದ ನಿಂತಾಗ ಟೇಪ ಹಿಡೀಲಾರದಾಕಿ ನಾ, ಇದೊಂದಾದ್ರೂ ನೆಟ್ಟಗ ಮಾಡಬೇಕು ಅನಿಸಿತ್ತು.

ಅಡಚಣಿ ಏನಂದ್ರ ನಮ್ಮ ಜೀಪ ಯಾವ ಕಂಪನಿ ಪುಸ್ತಕದಾಗೂ ಇರಲಿಲ್ಲ. ಮಂದಿ ಹೆಚ್ಚು ಕುಂದರಲಿ ಅಂತ ಇವ್ರು ಯರಗಟ್ಟಿಯಾಗ ಹಿಂದಿನ ಬಾಡಿ ಎಳಿಸಿ ಉದ್ದ ಮಾಡಿಸಿದ್ರು. ಬಸ್ ಹತ್ತಿ ಆ ವೆಲ್ಡಿಂಗ್ ಅಂಗಡಿ ಹುಡಕ್ಕೋತ ಹೋದ್ನಿ. ಮಾಲಕರಿಗೆ ವಯಸ್ಸಾಗಿತ್ತು, ಇವ್ರನ್ನ ನೆನಪಿಟ್ಟಿದ್ರು.

"ಅಣ್ಣಾರ, ಹಿಂದ ಎಷ್ಟು ಫೂಟ ಎಳದ್ರಿ?" ಅಂತ ಕೇಳಿದ್ನಿ.

"ಅಳತಿ ಎಲ್ಲೀದ್ರಿ ಅಕ್ಕಾರ?" ಅಂದ್ರು. "ಐದು ಮಂದಿನ ಸಾಲಾಗಿ ಕುಂದರಿಸಿದ್ವಿ. ಐದನೇದವನ ಮಣಕಾಲು ಎಲ್ಲಿ ಬಂತು, ಅಲ್ಲಿ ಕಬ್ಬಣ ಕತ್ತರಿಸಿದ್ವಿ."

"ಆ ಐದನೇದವ ಯಾರ್ರಿ?"

"ಅವನೂ ಹೋಗ್ಯಾನ ಬಿಡ್ರಿ. ಭಾಳ ದಪ್ಪ ಇದ್ದ."

ನಗು ಬಂತು. ಚಾ ಕುಡಿಸಿ ಕಳಿಸಿದ್ರು. ವಾಪಸ್ ಬರೂ ಬಸ್ಸಿನ್ಯಾಗ ಈ ಸುದ್ದಿ ಕೇಳಿದ್ರ ಇವ್ರು ಎಷ್ಟ ನಗತಿದ್ರು ಅಂತ ನೆನಸಿ, ಕಿಡಕಿ ಕಡೆ ಮಾರಿ ಮಾಡಿ ಅತ್ನಿ.

ಇನ್ನ ಉಳದದ್ದು ಒಂದು ಫೋಟೋ. ಸಂಗೊಳ್ಳಿ ಹತ್ರ ಹಾದಿ ಬಾಜೂ ಜೀಪ ಅಡ್ಡಲಾಗಿ ನಿಂತೈತಿ. ಇವ್ರು ಮುಂದಿನ ಗಾಲಿ ಹತ್ರ ನೆಟ್ಟಗ ನಿಂತು, ಬಾನೆಟ್ ಮ್ಯಾಲ ಒಂದು ಕೈ ಇಟ್ಟು ನಕ್ಕಾರ. ಯಾರೋ ಪ್ಯಾಸೆಂಜರ್ ಇವ್ರ ಫೋನಿನ್ಯಾಗ ತಗದದ್ದು. ವಿಡಿಯೋದ ಮುದುಕರು ಹೇಳಿಕೊಟ್ಟ ಉಪಾಯ ಸಾದಾ: ಫೋಟೋದಾಗ ಯಾವುದರೆ ಒಂದರ ಖರೇ ಅಳತಿ ಗೊತ್ತಿದ್ರ ಸಾಕು, ಅದರ ಮ್ಯಾಲಿಂದ ಉಳದದ್ದೆಲ್ಲಾ ತಗೀಬಹುದು. ಸ್ಟುಡಿಯೋಕ್ಕ ಒಯ್ದು ಫೋಟೋನ ದೊಡ್ಡದು ಮಾಡಿಸಿ ತಂದ್ನಿ.

ಗೊತ್ತಿದ್ದ ಅಳತಿ ಅಂದ್ರ ನನಗ ಬ್ಯಾರೆ ಯಾವದು? ಇವ್ರ ಅಂಗಿ ಎಲ್ಲಾ ನಾನೇ ಹೊಲೀತಿದ್ನಿ. ನನ್ನ ಅಳತಿ ಬುಕ್ಕಿನ್ಯಾಗ ಇರೂದು ಒಂದೇ ಗಂಡಸಿನ ಅಳತಿ: ಉದ್ದ ಇಪ್ಪತ್ತೊಂಬತ್ತು, ಹೆಗಲು ಹದಿನೆಂಟು, ಎದಿ ನಲವತ್ತು. ಎದಿ ಸುತ್ತಳತಿ, ಫೋಟೋದಾಗ ಉಪಯೋಗಿಲ್ಲ. ಹೆಗಲು ತುದಿಯಿಂದ ತುದಿಗೆ ನೆಟ್ಟಗ ಕಾಣತಿತ್ತು. ಹದಿನೆಂಟು ಇಂಚು ಹಿಡದು ಲೆಕ್ಕಾ ಹಾಕಿದ್ನಿ. ಜೀಪ ಹದಿನಾಲ್ಕು ಫೂಟ ನಾಕು ಇಂಚಿಗೆ ಬಂತು. ಫೂಟಿಗೆ ಮೂರು ಸೂತ, ಇಂಚಿಗೆ ಕಾಲು, ಒಟ್ಟು ನಲವತ್ತಮೂರು ಸೂತ.

ಮೊದಲನೇ ಬಾಡಿ ಕೆಟ್ಟದ್ದು ನನ್ನ ಕೈಯ ರೂಢಿಲೆ. ಫ್ಲೆಕ್ಸ್ ಬೋರ್ಡಿನವ್ರ ಹತ್ರ ಬಿಳೀ ಫೋಮ್ ಹಾಳಿ ಚೂರು ಇಸಕೊಂಡು ಬಂದು ಕತ್ತರಿಸಿದ್ನಿ, ಮೂವತ್ತು ವರ್ಷದ ಚಾಳಿ, ಸುತ್ತಲೂ ಮಡಚಾಕ ಅಂತ ಒಂದೊಂದು ಸೂತ ಬಿಟ್ಟೇನಿ! ಜಂಪರಿಗೆ ಬಿಟ್ಟಂಗ. ಈ ಲೆಕ್ಕದಾಗ ಒಂದು ಸೂತ ಅಂದ್ರ ನಾಕು ಇಂಚು. ಆ ಹಾಳಿನೂ ಅಷ್ಟೇ ದಪ್ಪ ಇತ್ತು. ಜೀಪಿನ ಬಾಗಲ ನಮ್ಮ ಮನಿ ಗ್ವಾಡಿಯಂಗ ಆತು. ಅದನ್ನ ಒಗದು, ಐಸ್‌ಕ್ರೀಮ್ ಡಬ್ಬಿಯ ತೆಳ್ಳನ ಮುಚ್ಚಳ ಕೂಡಿಸಿಟ್ಟು, ಒಂದು ಕೂದಲಿನಷ್ಟೂ ಹೆಚ್ಚು ಬಿಡಲಾರದಂಗ ಎರಡನೇದು ಮಾಡಿದ್ನಿ. ಹೊರಗಿನ ಅಳತಿ ಯಾವದು, ಒಳಗಿನದು ಯಾವದು ಅಂತ ಪ್ರತಿ ಸಲ ಬಾಯಿಬಿಟ್ಟು ಹೇಳ್ಕೋತ ಕತ್ತರಿಸಿದ್ನಿ. ಹದಿನೈದು ದಿನ ಹಿಡೀತು.

ಗಾಲಿಗೆ ಪಂಕ್ಚರ್ ಅಂಗಡಿಗೆ ಹೋಗಿ ಅದೇ ನಮೂನಿ ಟೈರು ಅಳದು ಬಂದ್ನಿ. ಇಪ್ಪತ್ತೆಂಟು ಇಂಚು, ಅಂದ್ರ ಏಳು ಸೂತ. ಎಲ್ಲಾ ಜೋಡಿಸಿ ಟೇಬಲ್ ಮ್ಯಾಲ ಇಟ್ಟು ದೂರ ನಿಂತು ನೋಡಿದ್ನಿ. ಜೀಪ ಅಲ್ಲ. ದೊಡ್ಡಣ್ಣನ ಅಂಗಿ ಹಾಕ್ಕೊಂಡಂಗ, ಸಣ್ಣ ಗಾಲಿ ಮ್ಯಾಲ ದೊಡ್ಡ ಬಾಡಿ. ಫೋಟೋದಾಗ ಗಾಲಿ ಮ್ಯಾಲಿನ ಸಂದಿನ್ಯಾಗ ಕೈ ಹೋಗೂದು ಕಷ್ಟ, ಇಲ್ಲಿ ತಲಿನೇ ಹೋಗತಿತ್ತು.

ಮತ್ತ ಫೋಟೋ ಹಿಡಕೊಂಡು ಕುಂತ್ನಿ. ಹೆಗಲಿನ ಲೆಕ್ಕದಾಗ ಟೈರು ಅಳದ್ರ ಇಪ್ಪತ್ತೊಂಬತ್ತೂವರಿ ದಾಟಿ ಬರತಿತ್ತು. ಟೈರಿನ ಲೆಕ್ಕದಾಗ ಹೋದ್ರ ಜೀಪ ಹದಿಮೂರೂವರಿ ಫೂಟ ಆಗತಿತ್ತು. ಎರಡರಾಗ ಒಂದು ಸುಳ್ಳು. ಟೈರೇ ಸುಳ್ಳು ಅಂದ್ನಿ ನಾ. ಟೈರು ಯಾರೋ ಮಾಡಿದ್ದು, ಹೆಗಲು ನಾ ಅಳದದ್ದು. ಮತ್ತೊಮ್ಮೆ ಪಂಕ್ಚರ್ ಅಂಗಡಿಗೆ ಹೋಗಿ, ಅಂವ ಬ್ಯಾಸರ ಪಟ್ಕೊಂಡ್ರೂ ಬಿಡದ, ಮೂರು ಟೈರು ಅಳದ್ನಿ. ಎರಡು ಇಪ್ಪತ್ತೆಂಟು, ಸವದದ್ದು ಒಂದು ಅರ್ಧ ಇಂಚು ಕಡಿಮಿ. ದೊಡ್ಡದು ಯಾವದೂ ಇಲ್ಲ.

ಹಂಗಾರ ಕ್ಯಾಮರಾದ್ದೇ ತಪ್ಪು, ಮಂದಿನ ಒಂದು ನಮೂನಿ, ಗಾಡಿನ ಒಂದು ನಮೂನಿ ತೋರಸತೈತಿ ಅಂದ್ಕೊಂಡ್ನಿ. ಅದನ್ನೂ ತಾಳೆ ನೋಡೂಣು ಅಂತ ಟೈರಿನ ಲೆಕ್ಕ ಹಿಡದು ಇವ್ರ ಅಂಗಿ ಉದ್ದ ಅಳದ್ನಿ. ಇಪ್ಪತ್ತೊಂಬತ್ತು. ನನ್ನ ಬುಕ್ಕಿನ್ಯಾಗ ಇದ್ದಷ್ಟೇ, ಒಂದು ಸೂತ ಆಚೆ ಈಚೆ ಇಲ್ಲ. ಕ್ಯಾಮರಾ ಖರೇ ಇತ್ತು, ಟೈರು ಖರೇ ಇತ್ತು, ನಾ ಹೊಲದ ಅಂಗಿನೂ ಖರೇ ಇತ್ತು. ಅದೇ ಲೆಕ್ಕದಾಗ ಹೆಗಲು ಅಳದ್ನಿ. ಹದಿನೇಳು.

ಮತ್ತ ಅಳದ್ನಿ, ಹದಿನೇಳೇ ಬಂತು.

ಸೂಜಿಗೆ ದಾರ ಪೋಣಸಾಕ ಇಟ್ಟ ಭೂತಗನ್ನಡಿ ತಗೊಂಡು ಇವ್ರ ಹೆಗಲು ನೋಡಿದ್ನಿ. ತೋಳು ಕೂಡಿಸಿದ ಹೊಲಗಿ ಹೆಗಲಿನ ತುದಿಗೆ ಕುಂದರಬೇಕು. ಅದು ಎರಡೂ ಕಡೆ ಅರ್ಧರ್ಧ ಇಂಚು ಕೆಳಗ, ತೋಳಿನ ಮ್ಯಾಲ ಇಳದಿತ್ತು. ಅಂಗಿ ಹದಿನೆಂಟೇ ಇತ್ತು. ಒಳಗಿನ ಮನಷ್ಯಾ ಹದಿನೇಳು ಆಗಿದ್ರು.

ಹೊಲಿಯವ್ರಿಗೆ ಇದು ಬ್ಯಾರೆಯವ್ರು ಹೇಳಬೇಕಾಗಿಲ್ಲ. ಮನಷ್ಯಾ ಸೊರಗಿದ್ರ ಮೊದಲ ಹೊಟ್ಟಿ ಇಳೀತೈತಿ, ಆಮ್ಯಾಲ ಎದಿ, ಆಮ್ಯಾಲ ತೋಳು. ಹೆಗಲು ಎಲ್ಲಾದಕಿಂತ ಕಡೀಕ. ಹೆಗಲು ಒಂದು ಇಂಚು ಇಳೀಬೇಕಂದ್ರ ಎಲವಿನ ಮ್ಯಾಲಿನ ಮಾಂಸೆಲ್ಲಾ ಹೋಗಿರಬೇಕು. ಫೋನಿನ್ಯಾಗ ಆ ಫೋಟೋದ ತಾರೀಖು ತಗದು ನೋಡಿದ್ನಿ. ನಾವು ದವಾಖಾನಿಗೆ ಹೋದದ್ದಕ್ಕ ಹದಿನಾಲ್ಕು ತಿಂಗಳ ಮುಂಚಿಂದು. ದವಾಖಾನ್ಯಾಗ ಡಾಕ್ಟರು, "ಇವ್ರು ಯಾವಾಗಿಂದ ಸೊರಗಾಕ ಹತ್ತಿದ್ರಿ?" ಅಂತ ನನ್ನ ಕೇಳಿದ್ರು. "ಈಗ ಒಂದು ತಿಂಗಳಾತ್ರಿ" ಅಂದಿದ್ನಿ. ಅಗದಿ ಗಟ್ಟಿಯಾಗಿ ಹೇಳಿದ್ನಿ, ನನಗ ಬಿಟ್ಟು ಯಾರಿಗೆ ಗೊತ್ತಿರತೈತಿ ಅನ್ನೂಹಂಗ.

ನನ್ನ ಅಂಗಡಿಗೆ ಬರೂ ಹೆಣ್ಣಮಕ್ಕಳು "ಹಳೇ ಅಳತಿನೇ ಹಾಕ್ರಿ ಅಕ್ಕಾರ, ಮತ್ತೇನ ಅಳೀತೀರಿ" ಅಂದ್ರ ನಾ ಒಪ್ಪಾಕಿ ಅಲ್ಲ. "ಆರು ತಿಂಗಳಾತು, ನಿಂದರ್ರಿ" ಅಂತ ಬೈದು ಟೇಪ ಹಿಡೀತೇನಿ. ಎರಡು ಸೂತ ಹೆಚ್ಚಾದ್ರ ಬಸರಿ ಏನು ಅಂತ ಚಾಷ್ಟಿ ಮಾಡತೇನಿ, ಎರಡು ಸೂತ ಇಳದ್ರ ಯಾಕ, ಆರಾಮ ಇಲ್ಲೇನು ಅಂತ ಕೇಳತೇನಿ. ಇವ್ರಿಗೆ ಮಾತ್ರ ಲಗ್ನ ಆದ ವರ್ಷ ಒಮ್ಮೆ ಅಳದು, ಕಾಗದ ಕತ್ತರಿಸಿ ಮೊಳಿಗೆ ತೂಗ ಹಾಕಿದ್ನಿ. ಅಷ್ಟೂ ವರ್ಷ ಅದೇ ಕಾಗದದ ಮ್ಯಾಲೇ ಅಂಗಿ ಹೊಲದ್ನಿ. ಮನಿ ಮನಷ್ಯಾರ ಅಳತಿ ಏನ ನೋಡೂದು, ಬಾಯಿಪಾಠ ಐತಿ ಅನ್ನೂ ಸೊಕ್ಕು ನನಗ.

ಅದಕ್ಕಿಂತ ಕೆಟ್ಟದ್ದು ಆಮ್ಯಾಲ ನೆನಪಾತು. ಆ ವರ್ಷಾನೇ ಇರಬೇಕು. ಉಗರಗೋಳದ ಟ್ರಿಪ್ ಮುಗಿಸಿ ಮಧ್ಯಾಹ್ನ ಮನಿಗೆ ಬಂದವ್ರು ನನ್ನ ಟೇಬಲ್ ಮುಂದ ಬಂದು ನಿಂತ್ರು. "ಅಂಗಿ ಯಾಕೋ ದೊಡ್ಡದಾಗಾಕ ಹತ್ಯಾವ. ಒಮ್ಮೆ ಟೇಪ ಹಿಡಿ ನೋಡೂಣು" ಅಂದ್ರು. ನಾ ಕತ್ತರಿಯಿಂದ ತಲಿ ಎತ್ತಲಿಲ್ಲ. "ನನ್ನ ಅಳತಿ ಎಂದಾದ್ರೂ ತಪ್ಪೇತೇನ್ರಿ? ಗೂನ ಬಿದ್ದು ನಿಂತ್ರ ಅಂಗಿ ದೊಡ್ಡದೇ ಕಾಣತೈತಿ. ನೆಟ್ಟಗ ನಿಂದರ್ರಿ" ಅಂದ್ನಿ. ಅವ್ರು ನೆಟ್ಟಗ ನಿಂತ್ರು. ಆಮ್ಯಾಲ ಚಾ ಮಾಡಾಕ ಒಳಗ ಹೋದ್ರು.

ಅವ್ರಿಗೆ ಗೊತ್ತಿತ್ತೇನೋ. ತಾವಾಗಿ ಹೇಳಾಕ ಬಾಯಿ ಬರಲಾರದ, ಟೇಪಿನ ಬಾಯಿಲೆ ನನಗ ಹೇಳಸಬೇಕಂತ ಬಂದಿದ್ರೇನೋ. ಇದನ್ನ ಕೇಳಾಕ ನನಗ ಈಗ ಯಾರೂ ಇಲ್ಲ. ಹದಿನಾಲ್ಕು ತಿಂಗಳ ಮುಂಚೆ ಹೋಗಿದ್ರ ಉಳೀತಿದ್ರೋ ಇಲ್ಲೋ, ಅದೂ ಗೊತ್ತಿಲ್ಲ, ಆದ್ರ ಆ ಹದಿನಾಲ್ಕು ತಿಂಗಳ ಅವ್ರು ಒಬ್ಬರೇ ಇದ್ರು. ನಾ ಅದೇ ಮನ್ಯಾಗ, ಅದೇ ಟೇಬಲ್ ಬಾಜೂ ಕುಂತಿದ್ನಿ. ಒಬ್ಬಾಕಿ ಆಗೇನಿ ಅಂತ ಮೂರು ವರ್ಷ ನಾ ಎಷ್ಟ ಅತ್ತೇನಿ. ಅವ್ರು ನನಗಿಂತ ಮುಂಚೇನೇ ಒಬ್ಬರಾಗಿದ್ರು.

ಎಂಟು ದಿನ ಟೇಪ ಮುಟ್ಟಲಿಲ್ಲ. ಗಿರಾಕಿ ಬಂದ್ರ ಮೈಯಾಗ ಆರಾಮಿಲ್ಲ ಅಂದು ಕಳಿಸಿದ್ನಿ. ಬಾಜೂ ಮನಿಯಾಕಿ ಒಂದಿನ ರೊಟ್ಟಿ ಪಲ್ಯ ಹಿಡಕೊಂಡು ಬಂದ್ಲು, ಇಟ್ಟು ಹೋದ್ಲು.

ಆಮ್ಯಾಲ ಎದ್ದು ಮೂರನೇ ಬಾಡಿ ಮಾಡಿದ್ನಿ. ಟೈರಿನ ಲೆಕ್ಕ, ಹದಿಮೂರೂವರಿ ಫೂಟ, ನಲವತ್ತೂವರಿ ಸೂತ. ಹಿಂದಿನ ಬಾಡಿ ಎಳದದ್ದು ಎಲ್ಲಿ ಕೂಡೇತಿ, ಅಲ್ಲಿ ಒಂದು ಸಣ್ಣ ಉಬ್ಬು ಇತ್ತು, ಅದನ್ನೂ ಬಿಡಲಿಲ್ಲ. ಗಾಲಿ ಮ್ಯಾಲಿನ ಸಂದು ಬರೋಬ್ಬರಿ ಬಂತು. ಟೇಬಲ್ ಮ್ಯಾಲ ಇಟ್ಟು ದೂರ ನಿಂತು ನೋಡಿದ್ನಿ. ನಮ್ಮ ಜೀಪ.

ಕಡೀಕ ಉಳದದ್ದು ಡ್ರೈವರು. ಈ ಸಣ್ಣ ಗಾಡ್ಯಾಗ ಸ್ಟೇರಿಂಗ್ ಹಿಂದ ಒಬ್ಬ ಮನಷ್ಯಾನ್ನ ಕುಂದರಸೂದು ಪದ್ಧತಿ. ಒಂದು ಕಟಗಿ ಚೂರು ತಗೊಂಡು ಕೆತ್ತಾಕ ಕುಂತ್ನಿ. ಹೆಗಲು ಎಷ್ಟ ಹಿಡೀಬೇಕು? ಹದಿನೆಂಟಕ್ಕ ನಾಕೂವರಿ ಸೂತ, ಹದಿನೇಳಕ್ಕ ನಾಕೂ ಕಾಲು. ನಡಕ ಇರೂದು ಕಾಲು ಸೂತ, ದಪ್ಪನ ದಾರದಷ್ಟು. ಯಾರ ಕಣ್ಣಿಗೂ ಕಾಣೂದಲ್ಲ. ಹದಿನೆಂಟು ಹಿಡದ್ರ ಲಗ್ನ ಆದ ವರ್ಷದ ಗಂಡಸು ಕುಂದರತಿದ್ದ, ನನಗ ಬಾಯಿಪಾಠ ಇದ್ದವ. ಎರಡು ದಿನ ಕೈಯಾಗ ಕಟಗಿ ಹಿಡಕೊಂಡು ಕುಂತು, ಹದಿನೇಳಕ್ಕ ಕೆತ್ತಿದ್ನಿ.

ಅಂಗಿ ಅರಿವಿಲೆ ಮಾಡಾಕ ಆಗಲಿಲ್ಲ, ಈ ಅಳತ್ಯಾಗ ಎಂಥಾ ತೆಳ್ಳನ ಅರಿವಿನೂ ಗೋಣಿ ಚೀಲದಂಗ ಕಾಣತೈತಿ. ಸಣ್ಣ ಬ್ರಶ್ ತಗೊಂಡು ಬಣ್ಣದಾಗೇ ಬರದ್ನಿ. ಕಾಲರ್ ಬರದ್ನಿ, ಗುಂಡಿ ಬರದ್ನಿ. ಬರಿಯೂದಕ್ಕ ಮುಂಚೆ ಹೆಗಲಿಗೆ ಟೇಪ ಹಿಡದ್ನಿ. ತೋಳಿನ ಹೊಲಗಿನ ಹೆಗಲಿನ ತುದಿಗೇ ಕುಂದರಿಸೇನಿ.